ಕಾಳನ ಜ್ವರ, ಚಿನ್ನಿಯ ನಡುಕ: ಹೊಸನಗರದ ತೋಟದ ಮನೆಯೊಂದರ ಪ್ರಕರಣ

ಹೊಸನಗರ ತಾಲೂಕಿನ ಒಂದು ಒಂಟಿ ಮನೆ. ಅಡಿಕೆ ತೋಟದ ತಲೆಗೆ ಮನೆ, ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಿಂದಾಚೆ ಸೊಪ್ಪಿನ ಬೆಟ್ಟ. ಅಜ್ಜಿ, ಯಜಮಾನರು, ಅವರ ಹೆಂಡತಿ, ಮಗ, ಸೊಸೆ, ನಾಲ್ಕು ದನ, ಒಂದು ನಾಯಿ, ಒಂದು ಬೆಕ್ಕು. ಫೆಬ್ರವರಿಯ ಕೊನೆಯ ವಾರ ನಾಯಿ, ಬೆಕ್ಕು ಎರಡನ್ನೂ ಒಂದೇ ಓಮ್ನಿಯಲ್ಲಿ ನನ್ನ ಬಳಿ ತಂದರು. ಎರಡಕ್ಕೂ ಒಂದೇ ಕಾಯಿಲೆ ಎಂದು ಮನೆಯವರು ನಂಬಿದ್ದರು. ಮನೆಯ ಗುರುತು ಸಿಗುವ ವಿವರ ಬಿಟ್ಟು ಉಳಿದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಬೇಸಿಗೆ ಹತ್ತಿರವಾದಂತೆ ಇಂಥ ಪ್ರಕರಣಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಸಾಯುವ ಪ್ರಾಣಿಗಳ ಪೈಕಿ ಎಷ್ಟೋ ಉಳಿಯಬಹುದಾದವು ಎನ್ನುವುದೇ ನನ್ನ ಸಂಕಟ.

ನಾಯಿಯ ಹೆಸರು ಕಾಳ. ಊರ ತಳಿ, ಗಂಡು, ಮೂರು ವರ್ಷ, 16 ಕೆಜಿ. ಬೆಕ್ಕು ಚಿನ್ನಿ, ಹೆಣ್ಣು, ಮೂರು ಕೆಜಿಗೂ ಕಡಿಮೆ.

ಮೊದಲು ಬೆಕ್ಕು

ಕಾಳ ಹಿಂದಿನ ಸೀಟಿನಲ್ಲಿ ಕತ್ತು ಚಾಚಿ ಮಲಗಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಆ ಗಳಿಗೆಯಲ್ಲಿ ಹೆಚ್ಚು ಅಪಾಯದಲ್ಲಿದ್ದದ್ದು ಬುಟ್ಟಿಯೊಳಗೆ ಟವೆಲಿನಲ್ಲಿ ಸುತ್ತಿಟ್ಟಿದ್ದ ಚಿನ್ನಿ. ಕಿವಿ ಪಟಪಟ ಅದುರುತ್ತಿತ್ತು. ಬೆನ್ನಿನ ಚರ್ಮ ತಾನಾಗಿಯೇ ಸರಿಸರಿದು ಬರುತ್ತಿತ್ತು. ಮುಂಗಾಲನ್ನು ಪದೇ ಪದೇ ಕೊಡವುತ್ತಿತ್ತು, ಬಾಯಲ್ಲಿ ಜೊಲ್ಲು. ಹಗಲು ಬೆಳಕಿನಲ್ಲೂ ಕಣ್ಣಿನ ಪಾಪೆ ಪೂರ್ತಿ ಅರಳಿಕೊಂಡಿತ್ತು. ಮೈ ನಡುಗಿ ನಡುಗಿಯೇ ಉಷ್ಣತೆ 103.8 ಡಿಗ್ರಿಗೆ ಏರಿತ್ತು.

ತೋಟದ ಮನೆಯ ಬೆಕ್ಕು ನಡುಗುತ್ತಾ ಬಂದರೆ ನನಗೆ ಮೊದಲು ಸಂಶಯ ಬರುವುದು ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕದ ಮೇಲೆ. ಆ ವಿಷವಾದರೆ ಸಾಮಾನ್ಯವಾಗಿ ಪಾಪೆ ಕಿರಿದಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಭೇದಿ ಇರುತ್ತದೆ; ಅದಕ್ಕೆ ಅಟ್ರೋಪಿನ್ ಕೊಡಬೇಕು. ಚಿನ್ನಿಯಲ್ಲಿ ಇದ್ಯಾವುದೂ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಎರಡು ದಿನದಿಂದೀಚೆಗೆ ಯಾರಿಗಾದರೂ, ದನಕ್ಕಾದರೂ ಸರಿ, ಏನಾದರೂ ಔಷಧಿ ಹಚ್ಚಿದ್ದೀರಾ ಎಂದು ಕೇಳಿದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಕೊಟ್ಟದ್ದು ಸೊಸೆ. ದಿನವೂ ಈ ಎರಡು ಪ್ರಾಣಿಗಳಿಗೆ ಅನ್ನ ಹಾಕುವವರು ಅವರೇ. ಅನ್ನ ಹಾಕುವವರಿಗೆ ಗೊತ್ತಿರುವಷ್ಟು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

"ಬೆಕ್ಕಿಗೆ ಎಂತದೂ ಹಾಕಿಲ್ಲ ಡಾಕ್ಟ್ರೇ. ನಾಯಿಗೆ ಮೈತುಂಬ ಉಣುಗು ಆಗಿತ್ತು. ದನಕ್ಕೆ ತಂದ ಔಷಧಿ ಕೊಟ್ಟಿಗೇಲಿತ್ತಲ್ಲ, ಅದನ್ನ ನಿನ್ನೆ ಮಧ್ಯಾಹ್ನ ಹಾಕಿದ್ವಿ."

"ನೀರು ಬೆರೆಸಿ ಹಾಕಿದ್ರಾ?"

"ಇಲ್ಲ, ಬೇಗ ಸಾಯ್ಲಿ ಅಂತ ಹಾಗೇ ಬೆನ್ನ ಮೇಲೆ ಬಿಟ್ಟದ್ದು."

"ಬೆಕ್ಕು ರಾತ್ರಿ ಎಲ್ಲಿ ಮಲಗ್ತದೆ?"

"ಅವನ ಹೊಟ್ಟೆಗೆ ಒತ್ತಿಕೊಂಡೇ. ಮರಿ ಇದ್ದಾಗಿಂದ ಹಂಗೇ."

ಬಾಟಲಿಯನ್ನು ಮಗ ಫೋನಿನಲ್ಲಿ ಫೋಟೊ ತರಿಸಿ ತೋರಿಸಿದ. ಡೆಲ್ಟಾಮೆಥ್ರಿನ್. ದನಕ್ಕಾದರೆ ಲೀಟರ್ ನೀರಿಗೆ ಎರಡು ಮೂರು ಮಿಲಿ ಲೆಕ್ಕದಲ್ಲಿ ತೆಳುಮಾಡಿ ಹಚ್ಚುವ ಔಷಧಿ. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಇವೂ ಇದೇ ಪೈರೆಥ್ರಾಯ್ಡ್ ಗುಂಪಿನವು. ದನ, ನಾಯಿ ಇವನ್ನು ಹದವಾದ ಪ್ರಮಾಣದಲ್ಲಿ ತಾಳಿಕೊಳ್ಳುತ್ತವೆ. ಬೆಕ್ಕು ತಾಳುವುದಿಲ್ಲ. ಇಂಥ ಪದಾರ್ಥಗಳನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ವಿಷ ಮೈಯಲ್ಲೇ ಉಳಿದು ನರಗಳನ್ನು ಕೆರಳಿಸುತ್ತಲೇ ಇರುತ್ತದೆ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದಕ್ಕೂ ಇದೇ ಕೊರತೆ ಕಾರಣ. 500 ಮಿಲಿಗ್ರಾಂನ ಒಂದೇ ಮಾತ್ರೆ ಒಂದು ಬೆಕ್ಕಿನ ಜೀವ ತೆಗೆಯಬಲ್ಲದು. ಚಿನ್ನಿಗೆ ಯಾರೂ ಔಷಧಿ ಹಾಕಿರಲಿಲ್ಲ ನಿಜ. ಆದರೆ ಅದು ರಾತ್ರಿಯಿಡೀ ಔಷಧಿಯಲ್ಲಿ ತೊಯ್ದ ಕೂದಲಿಗೆ ಮೈ ತಾಗಿಸಿ ಮಲಗಿತ್ತು, ಬೆಳಿಗ್ಗೆ ಎದ್ದು ತನ್ನ ಮೈ ನೆಕ್ಕಿಕೊಂಡಿತ್ತು. ಅಷ್ಟು ಸಾಕಾಯಿತು.

ಇದಕ್ಕೆ ನೇರ ಪ್ರತಿವಿಷ ಇಲ್ಲ. ಮೈಮೇಲಿನ ಔಷಧಿ ತೆಗೆಯಬೇಕು, ನಡುಕ ಹಿಡಿತಕ್ಕೆ ತರಬೇಕು, ಉಷ್ಣತೆ ಕಾಯಬೇಕು, ಉಳಿದದ್ದಕ್ಕೆ ಕಾಲ ಬೇಕು. ಮೆಥೊಕಾರ್ಬಮಾಲ್ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟೆ, ನಡುಕ ಇಳಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದೆವು. ನೀರು ಬಿಸಿ ಇದ್ದರೆ ಚರ್ಮದ ರಕ್ತನಾಳ ಹಿಗ್ಗಿ ವಿಷ ಇನ್ನಷ್ಟು ಒಳಗೆ ಹೋಗುತ್ತದೆ. ತಣ್ಣೀರಾದರೆ ಮೈ ತಣ್ಣಗಾಗಿ ಈ ವಿಷದ ಹೊಡೆತವೇ ಹೆಚ್ಚುತ್ತದೆ. ರಾತ್ರಿ ಉಷ್ಣತೆ 99ಕ್ಕೆ ಕುಸಿದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ಮರುದಿನ ಮಧ್ಯಾಹ್ನಕ್ಕೆ ನಡುಕ ಕಿವಿಗೆ ಮಾತ್ರ ಉಳಿದಿತ್ತು. ಮೂರನೆಯ ಬೆಳಿಗ್ಗೆ ಬಟ್ಟಲು ಖಾಲಿ ಮಾಡಿ ಮೇಜಿನ ಕೆಳಗೆ ಹೋಗಿ ಕೂತಿತು.

ಕಾಳನ ರಕ್ತ

ಕಾಳನ ಕಥೆ ಒಂದು ವಾರ ಹಳೆಯದು. ಮೊದಲು ಮಂಕಾಯಿತು. ತೋಟಕ್ಕೆ ಹೊರಟವರ ಹಿಂದೆ ಹೋಗುವುದನ್ನು ಬಿಟ್ಟಿತು. ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ. ಅಂದು ಬೆಳಿಗ್ಗೆ ಅಂಗಳದಲ್ಲಿ ಉಚ್ಚೆ ಹೊಯ್ದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಅದನ್ನು ಕಂಡು ಹೆದರಿಯೇ ಗಾಡಿ ಹತ್ತಿಸಿದ್ದು. ನನ್ನ ಪರೀಕ್ಷೆಯಲ್ಲಿ ಉಷ್ಣತೆ 104.8, ನಾಯಿಗೆ 101ರಿಂದ 102.5 ಸಹಜ. ತುಟಿ ಎತ್ತಿ ನೋಡಿದರೆ ವಸಡು ಬಿಳಚಿಕೊಂಡು ಅಂಚಿಗೆ ಹಳದಿ ಛಾಯೆ. ಹೊಟ್ಟೆ ಒತ್ತಿದಾಗ ಗುಲ್ಮ (ಸ್ಪ್ಲೀನ್) ಕೈಗೆ ಸಿಗುವಷ್ಟು ಊದಿತ್ತು. ಔಷಧಿ ಸುರಿದಿದ್ದರೂ ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಜೀವಂತ ಉಣುಗುಗಳಿದ್ದವು. ಬೆನ್ನ ಮೇಲೆ ಸುರಿದದ್ದು ಅಲ್ಲಿಗೆ ಮುಟ್ಟಿರಲಿಲ್ಲ.

ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ, ಜೀಮ್ಸಾ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಎಣ್ಣೆ ಮಸೂರದಲ್ಲಿ ನೋಡಿದೆ. ಉಣುಗಿನಿಂದ ಬರುವ ರಕ್ತದ ಪರೋಪಜೀವಿ ಕಿವಿತುದಿಯ ಸಣ್ಣ ರಕ್ತನಾಳಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕೆಂಪು ರಕ್ತಕಣಗಳ ಒಳಗೆ, ನೇರಳೆ ಚುಕ್ಕೆ ಅಂಟಿದ ಪುಟ್ಟ ಉಂಗುರಗಳು. ಬಬೇಸಿಯಾ ಗಿಬ್ಸೋನಿ. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರಿ, ಕೆಂಪು ಕಣದೊಳಗೆ ಬೆಳೆದು ಕಣವನ್ನೇ ಒಡೆಯುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಉಚ್ಚೆಯಲ್ಲಿ ಇಳಿದಾಗ ಆ ಕಾಫಿ ಬಣ್ಣ ಬರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಪಿಸಿವಿ, ಶೇಕಡ 18ಕ್ಕೆ ಇಳಿದಿತ್ತು. ಆರೋಗ್ಯವಂತ ನಾಯಿಯಲ್ಲಿ 37ಕ್ಕಿಂತ ಮೇಲಿರಬೇಕು. ಪ್ಲೇಟ್‌ಲೆಟ್ 38,000. ಎರಡು ಲಕ್ಷವಾದರೂ ಇರಬೇಕಿತ್ತು.

ಬಬೇಸಿಯಾ ಎಂದ ಕೂಡಲೇ ಒಂದು ಡೈಮಿನಜೀನ್ ಇಂಜೆಕ್ಷನ್ ಕೊಟ್ಟು ಕಳಿಸುವ ರೂಢಿ ಇದೆ. ದೊಡ್ಡ ಜಾತಿಯ ಬಬೇಸಿಯಾಕ್ಕೆ ಅದು ಒಳ್ಳೆಯ ಔಷಧಿ. ಈ ಸಣ್ಣ ಗಿಬ್ಸೋನಿ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ, ಜೊತೆಗೆ ಪ್ರಮಾಣ ತಪ್ಪಿದರೆ ಮೆದುಳಿಗೆ ಪೆಟ್ಟು. ಆದ್ದರಿಂದಲೇ ನಾನು ರಕ್ತದ ಲೇಪ ನೋಡದೆ ಆ ಸೂಜಿ ಎತ್ತುವುದಿಲ್ಲ. ಅಟೊವಕ್ವೋನ್ ಮತ್ತು ಅಜಿತ್ರೊಮೈಸಿನ್ ಜೋಡಿ ಗಿಬ್ಸೋನಿಗೆ ಹೆಚ್ಚು ಪರಿಣಾಮಕಾರಿ. ಆದರೆ ನಮ್ಮ ಕಡೆ ಬಿಡಿ ಅಟೊವಕ್ವೋನ್ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಈ ಮನೆಗೆ ಭಾರವಾಗುತ್ತಿತ್ತು. ಹಾಗಾಗಿ ಕ್ಲಿಂಡಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಸೇರಿಸಿದ ಚಿಕಿತ್ಸೆ ಆರಿಸಿಕೊಂಡೆ. ಇದು ನಿಧಾನ, ವಾರಗಟ್ಟಲೆ ಬಿಡದೆ ಕೊಡಬೇಕು. ಇದೇ ಉಣುಗಿನಿಂದ ಬರುವ ಇನ್ನೊಂದು ರೋಗ ಎರ್ಲಿಕಿಯಾ. ಎರಡೂ ಒಟ್ಟಿಗೆ ಬರುವುದು ಅಪರೂಪವಲ್ಲ, ಅದಕ್ಕೂ ಡಾಕ್ಸಿಸೈಕ್ಲಿನ್ ಆಗುತ್ತದೆ. ಪ್ರಮಾಣವನ್ನು ಬೇಕೆಂದೇ ಬರೆಯುತ್ತಿಲ್ಲ. ಮೆಡಿಕಲ್ ಶಾಪಿನಿಂದ ತಂದು ಅಂದಾಜಿನಲ್ಲಿ ಕೊಡುವ ಔಷಧಿಗಳಲ್ಲ ಇವು.

ರಕ್ತ ಕೊಡಬೇಕೇ ಎಂಬ ಪ್ರಶ್ನೆ ಇತ್ತು. ಅಂಕಿಯೊಂದನ್ನೇ ನೋಡಿ ಇದನ್ನು ತೀರ್ಮಾನಿಸಲಾಗದು. ಕಾಳ ಎದ್ದು ನಿಲ್ಲುತ್ತಿತ್ತು, ಏದುಸಿರು ಇರಲಿಲ್ಲ, ಹೆಸರು ಕರೆದರೆ ಬಾಲ ಆಡಿಸುತ್ತಿತ್ತು. ಪಿಸಿವಿ 15ಕ್ಕಿಂತ ಕೆಳಗಿಳಿದರೆ ಅಥವಾ ಏದುಸಿರು ಶುರುವಾದರೆ ರಿಪ್ಪನ್‌ಪೇಟೆ, ಆಯನೂರು ಮಾರ್ಗವಾಗಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಡುವುದು, ರಕ್ತ ಕೊಡಲು ದೊಡ್ಡ ನಾಯಿಯೊಂದನ್ನು ಹೇಳಿಟ್ಟಿರುವುದು ಎಂದು ಮಾತಾಯಿತು. ಮೂರನೆಯ ದಿನ 16ಕ್ಕೆ ಇಳಿಯಿತು. ಆ ರಾತ್ರಿ ಗಾಡಿ ಅಂಗಳದಲ್ಲೇ ಸಜ್ಜಾಗಿ ನಿಂತಿತ್ತು. ಐದನೆಯ ದಿನ ಜ್ವರ ಬಿಟ್ಟಿತು, ಏಳನೆಯ ದಿನ ಪಿಸಿವಿ 20.

ಅಂದ ಹಾಗೆ ಮೊದಲ ದಿನವೇ ಕಾಳನ ಮೈಮೇಲಿದ್ದ ಡೆಲ್ಟಾಮೆಥ್ರಿನ್ ಕೂಡ ತೆಗೆಯಬೇಕಾಗಿತ್ತು. ರಕ್ತವಿಲ್ಲದ ನಾಯಿಗೆ ತಲೆಮೇಲೆ ನೀರು ಹೊಯ್ಯುವಂತಿಲ್ಲ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ ಒಣಗಿಸಿದೆವು.

ಮಂಗನ ಕಾಯಿಲೆಯ ಭಯ

ಗಾಡಿಯಿಂದ ಇಳಿದವರೇ ಯಜಮಾನರು ಕೇಳಿದ ಮೊದಲ ಮಾತು, "ನಾಯಿಗೂ ಮಂಗನ ಕಾಯಿಲೆ ಬರ್ತದಾ?" ಒಂದು ವಾರದ ಹಿಂದೆ ಪಕ್ಕದ ತೋಟದ ಬೇಲಿಯ ಹತ್ತಿರ ಮುಸಿಯ ಜಾತಿಯ ಮಂಗವೊಂದು ಸತ್ತು ಬಿದ್ದಿತ್ತು. ಆರೋಗ್ಯ ಇಲಾಖೆಯವರು ಬಂದು ಸುತ್ತ ಪುಡಿ ಹೊಡೆದು ಹೋಗಿದ್ದರು. ಕಾಳ ಅದನ್ನು ಮೂಸಿ ಬಂದು ಮನೆಗೆ ರೋಗ ತಂದಿದೆ ಎಂದು ಅಜ್ಜಿ ತೀರ್ಮಾನಿಸಿದ್ದರು. ಹಿಂದಿನ ರಾತ್ರಿಯಿಂದ ಯಜಮಾನರಿಗೂ ಜ್ವರ, ಮೈಕೈ ನೋವು. ಬೆಕ್ಕೂ ನಡುಗತೊಡಗಿದಾಗ, ಗುಣವಾಗದಿದ್ದರೆ ನಾಯಿಯನ್ನು ಘಾಟಿಯ ಕಡೆ ಬಿಟ್ಟು ಬರುವುದೆಂದು ಮನೆಯಲ್ಲಿ ಮಾತಾಗಿತ್ತು. ಇದನ್ನು ಹೇಳುವಾಗ ಸೊಸೆಯ ದನಿ ಹೂತುಹೋಗಿತ್ತು.

ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು, ಇಂಗ್ಲಿಷಿನಲ್ಲಿ ಆ ಕಾಡಿನ ಹೆಸರನ್ನೇ ಹೊತ್ತಿದೆ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಎದ್ದಾಗ ನಮ್ಮ ಜಿಲ್ಲೆಯ ಜನ ಪಟ್ಟ ಪಾಡು ಇನ್ನೂ ಹಸಿಯಾಗಿದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಜ್ವರ ಬಂದವರು ತಡಮಾಡಬಾರದು. ಅದಕ್ಕೇ ಯಜಮಾನರನ್ನು ನನ್ನ ಜಗಲಿಯಲ್ಲಿ ಕೂರಿಸಿಕೊಳ್ಳದೆ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಅವರ ರಕ್ತದ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇಲ್ಲವೆಂದು ಬಂತು, ಜ್ವರವೂ ಬಿಟ್ಟಿತು.

ಆದರೆ ಭಯಕ್ಕೆ ಸರಿಯಾದ ದಿಕ್ಕು ಬೇಕು. ಮಂಗನ ಕಾಯಿಲೆ ವೈರಸ್ಸಿನಿಂದ ಬರುವುದು. ಅದನ್ನು ದಾಟಿಸುವುದು ಮುಖ್ಯವಾಗಿ ಕಾಡಿನ ಹೀಮಫೈಸಾಲಿಸ್ ಜಾತಿಯ ಉಣುಗು, ಅದರಲ್ಲೂ ಕಣ್ಣಿಗೆ ಸುಲಭಕ್ಕೆ ಬೀಳದ ಅದರ ಮರಿಹಂತ. ನಾಯಿ ನೆಕ್ಕಿದ್ದರಿಂದ, ನಾಯಿಯ ಉಸಿರಿನಿಂದ ಬರುವ ರೋಗವಲ್ಲ. ಕಾಳನಿಗಿದ್ದದ್ದು ವೈರಸ್ಸೇ ಅಲ್ಲ, ಮನೆಯವರಿಗೆ ಅಂಟುವಂಥದ್ದೂ ಅಲ್ಲ. ಕಾಡಿಗೆ ಹೋಗಿ ಬರುವ ನಾಯಿಯ ಮೈಮೇಲೆ ಕಾಡಿನ ಉಣುಗು ಮನೆಗೆ ಬರಬಹುದು, ಹೌದು. ಮೇಯಲು ಹೋದ ದನದ ಮೇಲೂ ಬರುತ್ತದೆ, ಸೌದೆ ತಂದವರ ಬಟ್ಟೆಯಲ್ಲೂ ಬರುತ್ತದೆ. ದನವನ್ನು ಯಾರೂ ಘಾಟಿಗೆ ಬಿಟ್ಟು ಬರುವುದಿಲ್ಲವಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂದು ಹೇಳಿದೆ. ಅದಕ್ಕಿಂತ ಅವರನ್ನು ಮುಟ್ಟಿದ್ದು ಇನ್ನೊಂದು ಮಾತು: ನಾಯಿ ಹೋದರೂ ಮನೆಯೊಳಗಿರುವ ಉಣುಗು ಹೋಗುವುದಿಲ್ಲ, ಹಸಿದ ಉಣುಗು ನಾಯಿ ಸಿಗದಿದ್ದರೆ ಮನುಷ್ಯರನ್ನೂ ಕಚ್ಚುತ್ತದೆ.

ಮನೆಯೊಳಗಿನ ಉಣುಗು

ಕಾಳ ಚೇತರಿಸಿಕೊಳ್ಳುತ್ತಿರುವಾಗ ನಾನು ಅವರ ಮನೆಗೆ ಹೋದೆ. ಯಾವ ಪ್ರಾಣಿ ಎಲ್ಲಿ ಮಲಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡದೆ ಈ ಪ್ರಕರಣ ಮುಗಿಯುವುದಿಲ್ಲ ಎನ್ನಿಸಿತ್ತು.

ಕಾಳನ ಜಾಗ ಎರಡು. ಹಗಲು ಕೊಟ್ಟಿಗೆಯ ಪಕ್ಕದ ದರಗಿನ ರಾಶಿ. ದನದ ಕಾಲಡಿಗೆ ಹಾಕಲು ಬೆಟ್ಟದಿಂದ ಗುಡಿಸಿ ತಂದ ಒಣ ಎಲೆ ಅದು. ಕಾಡಿನ ಉಣುಗಿನ ಮರಿಗಳು ಕಾಯುತ್ತಾ ಕೂರುವುದು ಇಂಥ ಎಲೆಯಲ್ಲೇ. ರಾತ್ರಿ ಜಗಲಿಯ ಮೂಲೆಯ ಹಳೆ ಗೋಣಿಚೀಲ, ಜೊತೆಗೆ ಚಿನ್ನಿ. ಗೋಣಿ ಎತ್ತಿ, ಹಿಂದಿನ ಜಂಬಿಟ್ಟಿಗೆ ಗೋಡೆಗೆ ಟಾರ್ಚ್ ಬಿಟ್ಟೆ. ಗಾರೆ ಉದುರಿದ ಸಂದಿಯಲ್ಲಿ, ನೆಲದಿಂದ ಮೊಳದೆತ್ತರಕ್ಕೆ, ರಕ್ತ ಕುಡಿದು ಹರಳುಬೀಜದಷ್ಟು ಊದಿದ ಒಂದು ಹೆಣ್ಣು ಉಣುಗು. ಬೂದು ಬಣ್ಣದ ಮೈ, ಮುಂದೆ ಸಣ್ಣ ಕಂದು ತಲೆ. ಅದರ ಬಾಯಿಯ ಹತ್ತಿರ ಹೊಳೆಯುವ ಕಂದು ಕಣಗಳ ಗುಪ್ಪೆ, ಅದರ ಮೊಟ್ಟೆ. ಟಾರ್ಚ್ ಇನ್ನಷ್ಟು ಮೇಲೆತ್ತಿದಾಗ ಮಾಡಿನ ಪಕಾಸಿಯ ಬುಡದಲ್ಲೂ ಕಂಡವು. ಸೊಸೆ ಒಂದು ಹೆಜ್ಜೆ ಹಿಂದೆ ಸರಿದರು. "ನಾವು ದಿನಾ ಇಲ್ಲೇ ಕೂತು ಕಾಫಿ ಕುಡಿಯೋದು ಡಾಕ್ಟ್ರೇ."

ಇದು ಕಂದು ನಾಯಿ ಉಣುಗು, ರಿಪಿಸೆಫಾಲಸ್. ಮೊಟ್ಟೆಯಿಂದ ಬಂದ ಮರಿ ಒಮ್ಮೆ ರಕ್ತ ಕುಡಿದು ಉದುರುತ್ತದೆ, ಸಂದಿಯಲ್ಲಿ ಪೊರೆ ಬಿಟ್ಟು ಮತ್ತೆ ಹತ್ತುತ್ತದೆ, ಮತ್ತೆ ಉದುರುತ್ತದೆ, ದೊಡ್ಡದಾಗಿ ಮೂರನೆಯ ಸಲ ಹತ್ತುತ್ತದೆ. ಹೆಣ್ಣು ಕೊನೆಗೆ ಉದುರಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಅದರ ಬದುಕಿನ ಬಹುಪಾಲು ನಾಯಿಯ ಮೇಲಲ್ಲ, ಗೋಡೆಯಲ್ಲಿ. ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ನಾಯಿಯ ಬೆನ್ನ ಮೇಲೆ ಏನು ಸುರಿದರೂ ಆ ಹೊತ್ತಿಗೆ ಅಲ್ಲಿದ್ದದ್ದು ಸಾಯುತ್ತದೆ, ಗೋಡೆಯಲ್ಲಿರುವುದು ಮುಂದಿನ ವಾರ ಹತ್ತುತ್ತದೆ. ಆಗ ಮನೆಯವರು ಔಷಧಿಯ ಶಕ್ತಿ ಸಾಲಲಿಲ್ಲವೆಂದು ಇನ್ನಷ್ಟು ಗಟ್ಟಿಯಾಗಿ ಸುರಿಯುತ್ತಾರೆ. ಈ ಮನೆಯಲ್ಲಿ ಆದದ್ದೂ ಅದೇ. ಜನವರಿಯಲ್ಲಿ ನೀರು ಬೆರೆಸಿಯೇ ಹಚ್ಚಿದ್ದರಂತೆ.

ಅಜ್ಜಿ ಉಣುಗನ್ನು ಕಿತ್ತು ಉಗುರಿನಲ್ಲಿ ಒರೆಯುತ್ತಿದ್ದರು. ಅದನ್ನು ಅಂದೇ ನಿಲ್ಲಿಸಲು ಕೈಮುಗಿದು ಕೇಳಿಕೊಂಡೆ. ಒರೆದಾಗ ಉಣುಗಿನೊಳಗಿನದು ಕೈಯ ಗಾಯಕ್ಕೆ, ಕಣ್ಣಿಗೆ ತಾಗಬಹುದು. ಚಿಮಟಿಗೆಯಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನೆಟ್ಟಗೆ ಎಳೆದು ಸೋಪಿನ ನೀರಿನ ಡಬ್ಬಿಗೆ ಹಾಕಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ಸೀಮೆಎಣ್ಣೆ ಹಚ್ಚಿದ ನಾಯಿಯ ಚರ್ಮ ಸುಡುತ್ತದೆ, ಪಕ್ಕದಲ್ಲಿ ಮಲಗಿದ ಬೆಕ್ಕು ಅದನ್ನೂ ನೆಕ್ಕುತ್ತದೆ. "ಇಷ್ಟು ವರ್ಷ ಹಿಂಗೇ ಮಾಡಿದ್ದು ಮಾರಾಯ್ರೆ, ಯಾರೂ ಹೇಳ್ಲಿಲ್ಲ," ಎಂದರು ಅಜ್ಜಿ. ಮರುವಾರ ಹೋದಾಗ ಜಗಲಿಯ ಕಂಬದ ಬುಡದಲ್ಲಿ ಡಬ್ಬಿ, ಅದರ ಮುಚ್ಚಳಕ್ಕೆ ದಾರದಿಂದ ಕಟ್ಟಿದ ಚಿಮಟಿಗೆ ಇತ್ತು.

ಉಳಿದ ಕೆಲಸ ಮಗನದು. ಗೋಣಿ ಸುಟ್ಟ. ಗೋಡೆಯ ಸಂದಿಗಳನ್ನು ಕೆರೆದು, ಕುದಿನೀರು ಹೊಯ್ದು, ಸಿಮೆಂಟು ತುಂಬಿದ. ಕಾಳನಿಗೆ ಒಗೆಯಲು ಬರುವ ಹಳೆ ಕಂಬಳಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅದ್ದುವುದು. ದರಗಿನ ರಾಶಿಗೆ ಅಡಿಕೆ ದಬ್ಬೆಯ ಬೇಲಿ, ನಾಯಿ ಹತ್ತದಂತೆ. ದರಗು ತರಲು ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದನ್ನು ತಪ್ಪಿಸಬಾರದೆಂದು ಮಾತಾಯಿತು. ದನಕ್ಕೆ ಔಷಧಿ ಹಚ್ಚುವ ದಿನ ಚಿನ್ನಿ ಒಳಮನೆಯಲ್ಲಿ ಬಂದಿ. ಹಚ್ಚಿದವರು ಕೈ ತೊಳೆದೇ ಅದನ್ನು ಮುಟ್ಟುವುದು.

ಕಾಳನಿಗೆ, ಹೊಟ್ಟೆ ಸರಿಹೋಗಿ ಉಣ್ಣಲು ಶುರುಮಾಡಿದ ಮೇಲೆ, ತೂಕಕ್ಕೆ ತಕ್ಕ ಫ್ಲುರಲನರ್ ಮಾತ್ರೆ ಕೊಟ್ಟೆ. ಉಣುಗು ಕಚ್ಚಿದ ಮೇಲೆಯೇ ಸಾಯುವುದು, ಆದರೆ ಗಂಟೆಗಳ ಲೆಕ್ಕದಲ್ಲಿ ಸಾಯುತ್ತದೆ. ಬಬೇಸಿಯಾ ದಾಟಲು ಸಾಮಾನ್ಯವಾಗಿ ಎರಡು ಮೂರು ದಿನ ಕಚ್ಚಿಕೊಂಡಿರಬೇಕು. ಒಂದು ಮಾತ್ರೆಯ ಪರಿಣಾಮ ಸುಮಾರು 12 ವಾರ. ಅಷ್ಟರಲ್ಲಿ ಗೋಡೆಯಿಂದ ಇಳಿದು ಹತ್ತಿದ ಉಣುಗೆಲ್ಲ ಅದರ ಮೈಮೇಲೆಯೇ ಮುಗಿಯುತ್ತದೆ. ಮೈಮೇಲೆ ಹಚ್ಚುವ ಔಷಧಿ ಅಲ್ಲವಾದ್ದರಿಂದ ಪಕ್ಕದಲ್ಲಿ ಮಲಗುವ ಚಿನ್ನಿಗೆ ತೊಂದರೆ ಇಲ್ಲ. ಈ ಮನೆಗೆ ಇದನ್ನೇ ಆರಿಸಲು ದೊಡ್ಡ ಕಾರಣ ಅದು. ಬೆಲೆ ಕೇಳಿ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಫಿಟ್ಸ್ ಬರುವ ನಾಯಿಗಾದರೆ ಈ ಗುಂಪಿನ ಮಾತ್ರೆ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು; ಕಾಳನಿಗೆ ಆ ತೊಂದರೆ ಇರಲಿಲ್ಲ.

ಮುಂದಿನ ತಿಂಗಳುಗಳು

ಚಿನ್ನಿಗೆ ಯಾವ ಕುರುಹೂ ಉಳಿಯಲಿಲ್ಲ. ಪೈರೆಥ್ರಾಯ್ಡ್ ವಿಷದ ಮೊದಲ ಎರಡು ಮೂರು ದಿನ ದಾಟಿದ ಬೆಕ್ಕು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತದೆ.

ಕಾಳನ ಪಿಸಿವಿ ಒಂದು ತಿಂಗಳಿಗೆ 33, ಎರಡು ತಿಂಗಳಿಗೆ 41. ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತು. ಲೇಪದಲ್ಲಿ ಉಂಗುರಗಳು ಕಾಣಲಿಲ್ಲ. ಕಾಣಲಿಲ್ಲ ಎಂದರೆ ಪೂರ್ತಿ ಹೋಯಿತೆಂದು ಅರ್ಥವಲ್ಲ. ಗಿಬ್ಸೋನಿ ತೀರಾ ಕಡಿಮೆ ಸಂಖ್ಯೆಯಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿದು, ನಾಯಿ ಬಳಲಿದಾಗ ಅಥವಾ ಸ್ಟೀರಾಯ್ಡ್ ಕೊಟ್ಟಾಗ ಮತ್ತೆ ಏಳಬಹುದು. ಕಾಳನ ಚೀಟಿಯ ಮೇಲೆ ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇನೆ: ಯಾವ ಡಾಕ್ಟರ ಬಳಿ ಹೋದರೂ ತೋರಿಸಬೇಕು, ಬೇರೆ ನಾಯಿಗೆ ಇದರ ರಕ್ತ ಕೊಡಬಾರದು.

ಇನ್ನೊಂದು ವಿಷಯ ಉಳಿದಿತ್ತು. ಈ ಪರೋಪಜೀವಿ ಉಣುಗಿಲ್ಲದೆಯೂ, ನಾಯಿಗಳು ಕಚ್ಚಾಡಿ ರಕ್ತ ರಕ್ತಕ್ಕೆ ತಾಗಿದಾಗಲೂ ದಾಟುತ್ತದೆ. ಕಾಳ ಬೆದೆಯ ಕಾಲದಲ್ಲಿ ಕೆಳಗಿನ ಕೇರಿಯವರೆಗೆ ಹೋಗಿ ಕಿವಿ ಹರಿದುಕೊಂಡು ಬರುವ ನಾಯಿ. ಸಂತಾನಹರಣ ಮಾಡಿಸಿದರೆ ಸೊರಗುತ್ತದೆ, ಮನೆ ಕಾಯುವುದಿಲ್ಲ ಎಂದು ಯಜಮಾನರು ಮೊದಲು ಒಪ್ಪಲಿಲ್ಲ. ಬೊಗಳುವುದೂ ಕಾಯುವುದೂ ಕಡಿಮೆಯಾಗುವುದಿಲ್ಲ, ಅಲೆಯುವುದು, ಕಚ್ಚಾಡುವುದು ಕಡಿಮೆಯಾಗುತ್ತದೆ ಎಂದು ವಿವರಿಸಿದ ಮೇಲೆ, ರಕ್ತ ಪೂರ್ತಿ ಸುಧಾರಿಸಿದ್ದನ್ನು ಖಚಿತಮಾಡಿಕೊಂಡು ಜೂನ್ ಮೊದಲ ವಾರ ಶಸ್ತ್ರಚಿಕಿತ್ಸೆ ಮಾಡಿದೆ. ಎರಡನೆಯ ಮಾತ್ರೆಯೂ ಆಗಿದೆ. ಮುಂದಿನ ರಕ್ತಪರೀಕ್ಷೆ ಮಳೆಗಾಲ ಕಳೆದು, ಬೆಟ್ಟದಿಂದ ಹೊಸ ದರಗು ತರುವುದಕ್ಕೆ ಮುಂಚೆ.